ಹದಿನಾರಾಣೆ ನೋವಿಗೆ ಒಂದು ಡಬ್ಬಿ ಕರೆಂಟು

ಶ್ರಾದ್ಧ ಮಾಡಿಸಲು ಮಣೆಯ ಮೇಲೆ ಕೂತರೆ ನಮ್ಮ ದೊಡ್ಡಪ್ಪ ನಡುವೆ ಏಳುವವರಲ್ಲ ಎಂಬುದು ಕಾಶಿಗೆ ಬರುವ ನಮ್ಮ ಕಡೆಯ ಯಾತ್ರಿಕರಿಗೆಲ್ಲ ಗೊತ್ತಿದ್ದ ಮಾತು. ಒಮ್ಮೆ ಮಂತ್ರದ ನಡುವೆ ಕೋತಿಯೊಂದು ಬಂದು ಅವರ ಹೆಗಲ ಮೇಲಿನ ಉತ್ತರೀಯವನ್ನೇ ಎಳೆದುಕೊಂಡು ಹೋಯಿತು. ಅವರು ಕತ್ತು ಸಹ ತಿರುಗಿಸಲಿಲ್ಲ. "ಅದರ ಮನ್ಯಾಗೂ ಇವತ್ತ ಏನರ ಕಾರ್ಯ ಇದ್ದೀತು, ಒಯ್ಯಲಿ ಬಿಡು" ಎಂದು ಆಮೇಲೆ ಹೇಳಿದರು. ಅಂಥವರು ಆ ಮಹಾಲಯ ಅಮಾವಾಸ್ಯೆಯ ದಿನ, ಸಂಕಲ್ಪ ಹೇಳಿಸಿ ಕಾಲು ಗಂಟೆಯಾಗಿರಲಿಲ್ಲ, ಮಣೆ ಬಿಟ್ಟು ಎದ್ದರು. ಎದ್ದು ಗೋಡೆ ಹಿಡಿದರು. ಗೋಡೆ ಬಿಟ್ಟು ಕಂಬ ಹಿಡಿದರು. ಕಂಬವನ್ನೂ ಬಿಟ್ಟು ನೆಲದ ಮೇಲೆ ಮಂಡಿಯೂರಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗಾಗ ಇಪ್ಪತ್ತಾರು. ನಾನು ಹುಟ್ಟಿದ್ದು ಕಾಶಿಯಲ್ಲಿ, ಓದಿದ್ದು ಹಿಂದಿಯಲ್ಲಿ, ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದುದೂ ಹಿಂದಿಯಲ್ಲೇ. ಕನ್ನಡ ಮಾತ್ರ ದೊಡ್ಡಪ್ಪ ದೊಡ್ಡಮ್ಮನಿಂದ ಬಂದದ್ದು. ನನ್ನನ್ನು ಸಾಕಿದವರೇ ಅವರಿಬ್ಬರು. ಹಾಗಾಗಿ ನನ್ನ ಕನ್ನಡಕ್ಕೆ ಹುಟ್ಟುವಾಗಲೇ ತಲೆ ನರೆತಿತ್ತು. ಊರ ಕಡೆಯಿಂದ ಬಂದ ನನ್ನ ವಯಸ್ಸಿನ ಹುಡುಗಿಯರು "ನೀ ಮಾತಾಡೋದು ಥೇಟ್ ನಮ್ಮ ಮುತ್ತಜ್ಜಿ ಹಂಗ" ಎಂದು ನಗುತ್ತಿದ್ದರು. ನಗಲಿ, ಅದರಲ್ಲಿ ನನಗೆ ನಷ್ಟವೇನೂ ಇರಲಿಲ್ಲ.

ಮನೆ ಅಸ್ಸಿಯ ಹಿಂದಿನ ಗಲ್ಲಿಯಲ್ಲಿ. ಕೆಳಗಡೆ ಯಾತ್ರಿಕರಿಗೆ ಮೂರು ಕೋಣೆ, ಶ್ರಾದ್ಧಕ್ಕೊಂದು ಪಡಸಾಲೆ, ಮೇಲೆ ನಾವು. ಪಿತೃಪಕ್ಷದ ಹದಿನೈದು ದಿನ ದೊಡ್ಡಪ್ಪ ಬೆಳಗಿನ ಜಾವ ಸ್ನಾನ ಮಾಡಿ ಮಡಿಯುಟ್ಟರೆಂದರೆ ಕೊನೆಯ ಯಜಮಾನನ ಪಿಂಡ ಗಂಗೆಗೆ ಬೀಳುವವರೆಗೆ ಒಂದು ತೊಟ್ಟು ನೀರು ಗಂಟಲಿಗಿಳಿಯುವಂತಿಲ್ಲ. ಆಚಮನದ ಉದ್ದರಣೆಯಷ್ಟು ನೀರು ಲೆಕ್ಕಕ್ಕಿಲ್ಲ. ಭಾದ್ರಪದದ ಆ ಬೆವರು ಸುರಿಯುವ ಸೆಕೆಯಲ್ಲಿ, ಮೆಟ್ಟಿಲು ಮುಳುಗಿಸಿಕೊಂಡು ಹರಿಯುವ ಗಂಗೆಯ ಪಕ್ಕದಲ್ಲೇ ಕೂತು, ಆ ಮನುಷ್ಯ ದಿನವೆಲ್ಲ ಬಾಯಾರುತ್ತಿದ್ದರು. ಮೂವತ್ತೈದು ವರ್ಷ ಹೀಗೇ ನಡೆದಿತ್ತು.

ಆ ದಿನದ ಯಜಮಾನರು ಗದಗದ ಕಡೆಯವರು, ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಬಂದದ್ದು ಅಕ್ಕನ ಸಲುವಾಗಿ. ತಾಯಿಯಿಲ್ಲದ ಇವರನ್ನು ಎತ್ತಿ ಆಡಿಸಿದ ಅಕ್ಕ, ಚಿಕ್ಕ ವಯಸ್ಸಿಗೇ ವಿಧವೆಯಾದವಳು, ತಮ್ಮನಿಗೆ ನೌಕರಿ ಸಿಕ್ಕ ಮೇಲೆ "ಇನ್ನ ನನ್ನ ಕೆಲಸ ಮುಗೀತು" ಎಂದು ಕಾಶಿಗೆ ಬಂದುಬಿಟ್ಟಿದ್ದಳಂತೆ. ಕೆಲವು ವರ್ಷಗಳ ನಂತರ ಒಂದು ಕಾರ್ಡು ಬಂತು: ಅಕ್ಕ ತೀರಿಕೊಂಡಳು, ಕಾರ್ಯ ಇಲ್ಲೇ ಮುಗಿಸಿದ್ದೇವೆ. ಯಾವ ದಿನ ಎಂದು ಬರೆದವರು ಬರೆದಿರಲಿಲ್ಲ.

"ಜೀವನಪೂರ್ತಿ ಮಂದಿ ಕಾರ್ಡು ಮುಟ್ಟಿಸಿದೆ ಆಚಾರ್ರ," ಎಂದು ಅವರು ಹಿಂದಿನ ಸಂಜೆ ದೊಡ್ಡಪ್ಪನ ಮುಂದೆ ಕೂತು ಹೇಳಿದ್ದರು. "ನನಗ ಬಂದ ಕಾರ್ಡಿನ್ಯಾಗ ತಾರೀಖು ಇರ್ಲಿಲ್ಲ ನೋಡ್ರಿ."

"ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆನ ತಿಥಿ," ದೊಡ್ಡಪ್ಪ ಹೇಳಿದರು. "ನಾಳೆ ಅಪರಾಹ್ಣ ಮುಗಿಯೋದರೊಳಗ ನಿಮ್ಮಕ್ಕಗ ಪಿಂಡ ಮುಟ್ಟಸ್ತೀನಿ. ನಿಶ್ಚಿಂತಿಯಿಂದ ಮಲಕೋರಿ."

ಕೊಟ್ಟ ಮಾತು ಅದು. ಅಪರಾಹ್ಣವೆಂದರೆ ಮಧ್ಯಾಹ್ನ ಮೂರೂವರೆ, ಹೆಚ್ಚೆಂದರೆ ನಾಲ್ಕು. ಸಂಜೆ ಅವರಿಗೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಗಾಡಿ. ಮುಂದಿನ ವರ್ಷ ಮತ್ತೆ ಬರುವ ಮಾತು ಅವರೂ ಆಡಲಿಲ್ಲ, ಅವರ ಮೊಣಕಾಲುಗಳೂ ಆಡಲಿಲ್ಲ.

ಈಗ ಗಂಟೆ ಹತ್ತೂವರೆ. ದೊಡ್ಡಪ್ಪ ಎಡ ಪಕ್ಕೆ ಹಿಡಿದುಕೊಂಡು ನೆಲದ ಮೇಲೆ ಇತ್ತಿಂದತ್ತ ಹೊರಳುತ್ತಿದ್ದರು. ಬೆವರಿಗೆ ಗೋಪೀಚಂದನ ಕರಗಿ ಹಣೆಯಿಂದ ಇಳಿಯುತ್ತಿತ್ತು. ದೊಡ್ಡಮ್ಮ ಮಡಿಯಲ್ಲಿ ವಡೆಗೆ ಹಿಟ್ಟು ರುಬ್ಬುತ್ತಿದ್ದವರು ಬಾಗಿಲಿಗೆ ಬಂದು ನಿಂತರು.

"ವಾಯು ಇರಬೇಕು. ಇಂಗಿನ ನೀರು ಕುಡೀರಿ ಅಂದ್ರ ಕುಡಿಯೂದಿಲ್ಲ."

"ಪಿಂಡ ಆಗೂತನಕ ಏನೂ ಬ್ಯಾಡ."

"ಇವತ್ತ ಒಂದಿನಾ ದೇವರು ಕಣ್ಣು ಮುಚ್ಕೋತಾನ."

"ಅವನು ಮುಚ್ಕೊಂಡಾನು. ನಾ ಮುಚ್ಕೊಳ್ಳೂದಿಲ್ಲ."

ವಾಯುವಿನ ನೋವಾದರೆ ಮನುಷ್ಯ ಹೊಟ್ಟೆ ಹಿಡಿದು ಮುದುಡುತ್ತಾನೆ. ಇವರು ಯಾವ ಭಂಗಿಯಲ್ಲೂ ಒಂದು ನಿಮಿಷ ನಿಲ್ಲುತ್ತಿರಲಿಲ್ಲ. ನಮ್ಮ ಶಾಲೆಯ ಜವಾನನಿಗೆ ಕಿಡ್ನಿಯ ಕಲ್ಲು ಬಂದಾಗ ಹೀಗೇ ಬೆಂಚಿನಿಂದ ಬೆಂಚಿಗೆ ಓಡಾಡಿದ್ದನ್ನು ನೋಡಿದ್ದೆ. ಬೇರೆ ಪುರೋಹಿತರನ್ನು ಕರೆಸೋಣವೆಂದರೆ, ಮಹಾಲಯ ಅಮಾವಾಸ್ಯೆಯಂದು ಕಾಶಿಯಲ್ಲಿ ಬಿಡುವಾಗಿರುವ ಕನ್ನಡದ ಪುರೋಹಿತರನ್ನು ಹುಡುಕುವುದೂ ಮುಹೂರ್ತದ ದಿನ ಬಿಡುವಾಗಿರುವ ಅಡುಗೆಯವನನ್ನು ಹುಡುಕುವುದೂ ಒಂದೇ. ನಾನು ಸ್ಕೂಟರಿನ ಕೀಲಿ ತಂದೆ.

"ಮುಟ್ಟಬ್ಯಾಡ, ಮಡಿಯಾಗ ಇದ್ದೀನಿ," ಎಂದರು.

"ಆಮ್ಯಾಲ ಸ್ನಾನ ಮಾಡೀರಂತ," ಎಂದು ತೋಳು ಹಿಡಿದು ಎತ್ತಿದೆ. ಮಡಿಯಲ್ಲಿದ್ದ ದೊಡ್ಡಪ್ಪನನ್ನು ನಾನು ಹುಟ್ಟಿದಾಗಿನಿಂದ ಮುಟ್ಟಿದ್ದು ಅದೇ ಮೊದಲು. ಅವರು ಬೈಯಲಿಲ್ಲ. ಅದನ್ನು ಕಂಡ ಮೇಲೆ ನನಗೆ ನೋವಿನ ಅಳತೆ ಸಿಕ್ಕಿತು.

ಹೊರಡುವಾಗ ಪೋಸ್ಟ್‌ಮಾಸ್ಟರರು ಎದ್ದು ನಿಂತು, "ಆಚಾರ್ರ, ನನ್ನ ಕಾರ್ಯ ಇರ್ಲಿ ಬಿಡ್ರಿ, ನೀವು ಆರಾಮಾಗ್ರಿ," ಎಂದರು. ಬಾಯಿ ಹಾಗೆನ್ನುತ್ತಿತ್ತು, ಕೈ ಮಾತ್ರ ಸಂಕಲ್ಪಕ್ಕೆ ಹಾಕಿದ್ದ ದರ್ಭೆಯ ಪವಿತ್ರವನ್ನು ತೆಗೆಯದೆ ಹಾಗೇ ಹಿಡಿದುಕೊಂಡಿತ್ತು.

ದೊಡ್ಡಪ್ಪ ಅದನ್ನು ನೋಡಿದರು. "ಪವಿತ್ರ ತೆಗೀಬ್ಯಾಡ್ರಿ. ಕೂತಿರ್ರಿ. ಬರ್ತೀನಿ."

ಸ್ಕೂಟರಿನ ಹಿಂದೆ ಅವರು ಒಂದೇ ಕಡೆಗೆ ಕಾಲು ಹಾಕಿ ಕೂತರು. ಗಲ್ಲಿಯ ಒಂದೊಂದು ಗುಂಡಿಗೆ ದೇವರ ಒಂದೊಂದು ಹೆಸರು. ದೊಡ್ಡ ರಸ್ತೆಯ ಖಾಸಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಹಸ್ರನಾಮದ ಕಾಲುಭಾಗ ಮುಗಿದಿತ್ತು.

ತುರ್ತು ವಿಭಾಗದಲ್ಲಿದ್ದವರು ಬಲಿಯಾ ಕಡೆಯ ಯುವ ಡಾಕ್ಟರು. ಜ್ವರ ನೋಡಿದರು, ರಕ್ತದೊತ್ತಡ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಬೆನ್ನಿನ ಎಡಗಡೆ ಮೆಲ್ಲಗೆ ಗುದ್ದಿದರು. ದೊಡ್ಡಪ್ಪ ಹಾಸಿಗೆಯಿಂದ ಅರ್ಧ ಎದ್ದರು. ಮೂತ್ರದಲ್ಲಿ ರಕ್ತದ ಗುರುತು ಸಿಕ್ಕಿತು. ಸ್ಕ್ಯಾನಿನಲ್ಲಿ ಮೂತ್ರನಾಳದ ದಾರಿಯಲ್ಲಿ ಕೂತ ಸಣ್ಣ ಕಲ್ಲೂ ಸಿಕ್ಕಿತು.

"ಪಂಡಿತ್‌ಜೀ, ನೋವು ಹತ್ತರಲ್ಲಿ ಎಷ್ಟು?" ಡಾಕ್ಟರು ಹಿಂದಿಯಲ್ಲಿ ಕೇಳಿದರು.

ದೊಡ್ಡಪ್ಪನ ಹಿಂದಿ ಯಾವ ಬನಾರಸಿಯ ಹಿಂದಿಗೂ ಕಡಿಮೆಯಿಲ್ಲ. ದೋಣಿಯವರ ಜೊತೆ ಜಗಳಕ್ಕೆ ನಿಂತರೆ ಭೋಜಪುರಿಯೂ ಬರುತ್ತಿತ್ತು. ಆ ದಿನ ಮಾತ್ರ ಎಲ್ಲವೂ ಕಳಚಿಬಿದ್ದು ಬರೀ ಕನ್ನಡ ಉಳಿದಿತ್ತು.

"ಹದಿನಾರಾಣೆ ಅದ ಅಂತ ಹೇಳು."

ನಾನು ಹತ್ತಕ್ಕೆ ಹತ್ತು ಎಂದು ಹೇಳಿದೆ. ಡಾಕ್ಟರು ಇಂಜೆಕ್ಷನ್ನಿಗೆ ಬರೆಯತೊಡಗಿದರು. ನರ್ಸು ಸೂಜಿ ತಂದ ಕೂಡಲೇ ದೊಡ್ಡಪ್ಪ ಕೈ ಹಿಂದಕ್ಕೆಳೆದುಕೊಂಡರು. ಪಿಂಡವಾಗುವವರೆಗೆ ಒಳಗೆ ಏನೂ ಹೋಗುವಂತಿಲ್ಲ, ಬಾಯಿಂದ ಹೋದರೂ ಅಷ್ಟೇ, ಚರ್ಮದಿಂದ ಹೋದರೂ ಅಷ್ಟೇ. ನಾನು ಬೇಡಿಕೊಂಡೆ, ರೇಗಿದೆ. ಸೂಜಿಯನ್ನು ಯಾವ ಶಾಸ್ತ್ರ ಬೇಡವೆಂದಿದೆ ತೋರಿಸಿ ಎಂದು ಸವಾಲು ಹಾಕಿದೆ. "ಬೇಕು ಅಂತನೂ ಯಾವ ಶಾಸ್ತ್ರದಾಗೂ ಇಲ್ಲಲಾ," ಎಂದು ಹಲ್ಲು ಕಚ್ಚಿಕೊಂಡೇ ಉತ್ತರಿಸಿದರು.

ಡಾಕ್ಟರಿಗೆ ಸಿಟ್ಟು ಬಂತು. "ನೀರು ಎಷ್ಟು ಕುಡಿಯುತ್ತಾರೆ?" ಎಂದು ನನ್ನನ್ನು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು. "ಗಂಗಾಜೀಯ ದಡದಲ್ಲಿ ಕೂತು ಬಾಯಾರುವವರು! ಬಾಬಾ, ನೀವು ಜನರಿಗೆ ಮೋಕ್ಷ ಕೊಡಿಸುತ್ತ ಒಳಗೆ ಕಲ್ಲು ಕಟ್ಟಿಕೊಂಡಿದ್ದೀರಿ." ಆಮೇಲೆ, "ಒಳಗೆ ಏನೂ ಹೋಗಬಾರದು, ಅಷ್ಟೇ ತಾನೆ? ಮೇಲೆ ಅಂಟಿಸಬಹುದೇ?" ಎಂದರು.

ಪಕ್ಕದ ಕೋಣೆಯಲ್ಲಿ ಸೊಂಟನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೊಥೆರಪಿಯ ಹೆಂಗಸೊಬ್ಬರಿದ್ದರು. ಅವರ ಬಳಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಯಂತ್ರ. ಅದರಿಂದ ಎರಡು ವೈರು, ತುದಿಯಲ್ಲಿ ಅಂಟುವ ಬಿಲ್ಲೆಗಳು. ಚರ್ಮದ ಮೇಲಿಂದ ನರಗಳಿಗೆ ಸಣ್ಣ ಸಣ್ಣ ಕರೆಂಟು ಕೊಡುತ್ತದೆ. ಕಲ್ಲಿನ ನೋವಿಗೂ ಕೆಲವು ಕಡೆ ಇದನ್ನು ಹಚ್ಚುತ್ತಾರೆ ಎಂದು ಡಾಕ್ಟರು ಕೇಳಿದ್ದರಂತೆ. "ಕೆಲವರಿಗೆ ಚೆನ್ನಾಗಿ ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಕಲ್ಲಂತೂ ಇದರಿಂದ ಹೋಗುವುದಿಲ್ಲ. ಎದೆಯಲ್ಲಿ ಯಂತ್ರ ಗಿಂತ್ರ ಇಟ್ಟಿಲ್ಲ ತಾನೆ?"

ಇಲ್ಲವೆಂದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದೆ, ಏಕೆಂದರೆ ದೊಡ್ಡಪ್ಪ ಅದನ್ನು ಕೇಳದೆ ಬಿಡುವವರಲ್ಲ.

"ನೋವಿನ ಸುದ್ದಿ ಬೆನ್ನುಹುರಿಯ ಗಲ್ಲಿ ಹಾದು ತಲೆಗೆ ಹೋಗಬೇಕು. ನಾವು ಆ ಗಲ್ಲಿಯಲ್ಲಿ ಒಂದು ಹೋರಿ ನಿಲ್ಲಿಸುತ್ತೇವೆ. ನಮ್ಮ ಊರಿನ ಗಲ್ಲಿಯಲ್ಲಿ ಹೋರಿ ಅಡ್ಡ ನಿಂತರೆ ಹಿಂದಿನವನು ಬರುತ್ತಾನೆಯೇ?"

ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಒಂದು ಕಣ್ಣು ತೆರೆದರು. "ಹೋರಿ ಎಷ್ಟೊತ್ತು ನಿಲ್ತದ?"

"ಬ್ಯಾಟರಿ ಇರೂತನಕ."

"ಬ್ಯಾಟರೀನ? ಛಲೋ ಆತು. ಕಾಶಿಯ ಕರೆಂಟು ನಂಬಿದವರು ಯಾರು ಉದ್ಧಾರ ಆಗ್ಯಾರ? ಚರ್ಮ ಗಿರ್ಮ ಏನರ ಅದ ಏನು ಅದರಾಗ?"

"ರಬ್ಬರು, ಪ್ಲಾಸ್ಟಿಕ್ಕು. ಹಚ್ಚಿಕೊಳ್ರಿ ಸುಮ್ಮನ."

ಒಪ್ಪಿದರು. ಆದರೆ ಫಿಸಿಯೊಥೆರಪಿಯವರು ಸ್ಪಿರಿಟ್ಟಿನ ಹತ್ತಿ ಹಿಡಿದು ಪಕ್ಕೆಗೆ ಕೈ ಹಾಕಿದ ಕೂಡಲೇ ಆ ಕೈಯನ್ನು ತಡೆದರು. ಮಡಿಯಲ್ಲಿ ಹಚ್ಚಿಕೊಂಡ ಹನ್ನೆರಡು ನಾಮಗಳು ಮೈಮೇಲಿದ್ದವು. ಒಂದೊಂದು ನಾಮಕ್ಕೆ ಒಬ್ಬೊಬ್ಬ ದೇವರು. ಎಡ ಪಕ್ಕೆಯಲ್ಲಿ ವಾಮನ, ಬೆನ್ನಿನಲ್ಲಿ ಪದ್ಮನಾಭ. ಬಿಲ್ಲೆ ಅಂಟಬೇಕಾದ ಜಾಗದಲ್ಲೇ ಗೋಪೀಚಂದನ. ಒರೆಸದಿದ್ದರೆ ಬಿಲ್ಲೆ ಹಿಡಿಯದು; ಒರೆಸಲು ಇವರು ಬಿಡರು.

ಆಕೆ ಬಂಗಾಳಿ, ಭಕ್ತೆ. ಜಗಳವಾಡಲಿಲ್ಲ. "ಬಾಬಾ, ಇಬ್ಬರ ನಡುವೆ ನನಗೆ ನಾಲ್ಕು ಬೆರಳು ಜಾಗ ಕೊಡಿ," ಎಂದರು. ದೊಡ್ಡಪ್ಪ ಯೋಚಿಸಿದರು. ಒಂದು ಅಲೆ ನೋವು ಬಂದು ಹೋಗುವವರೆಗೆ ಉಸಿರು ಹಿಡಿದು, ಆಮೇಲೆ ಹೇಳಿದರು: "ವಾಮನಗ ಧಕ್ಕಿ ಆಗದಂಗ ಸ್ವಲ್ಪ ಹಿಂದಕ ಹಚ್ಚಂತ ಹೇಳು. ಅವ ಸಣ್ಣಾಂವ, ಸರದು ಕೂಡ್ತಾನ."

ನಾಲ್ಕು ಬಿಲ್ಲೆಗಳು ನಾಮಗಳ ನಡುವಿನ ಖಾಲಿ ಜಾಗದಲ್ಲಿ ಕೂತವು. ಆಕೆ ತಿರುಪನ್ನು ಮೆಲ್ಲಗೆ ತಿರುಗಿಸಿದರು. "ಇರುವೆ ಹರಿದಂಗ ಆಗ್ತದ," ಎಂದರು ದೊಡ್ಡಪ್ಪ. ಐದು ನಿಮಿಷ ಕಳೆದರೂ ನೋವು ಹಾಗೇ ಇತ್ತು. ಆಕೆ ಫೋನಿಗೆಂದು ಅತ್ತ ಹೋದಾಗ, ಸ್ವಲ್ಪಕ್ಕೆ ಇಳಿಯದಿದ್ದರೆ ಹೆಚ್ಚಿಗೆ ಇಳಿಯಲೇಬೇಕಲ್ಲ ಎಂಬ ಗಣಿತದಿಂದ ನಾನೇ ತಿರುಪು ತಿರುಗಿಸಿದೆ. ದೊಡ್ಡಪ್ಪ ಹಾಸಿಗೆಯಿಂದ ಒಂದು ಗೇಣು ಹಾರಿದರು.

"ಕೊಂದೀಯೇನ ಕೂಸ! ಇರುವೆ ಅಲ್ಲ ಇದು, ಚೇಳಿನ ಸಂತಿ!"

ಬಂಗಾಳಿ ಹೆಂಗಸು ಓಡಿಬಂದು ತಗ್ಗಿಸಿ ನನ್ನ ಕೈಮೇಲೆ ಒಂದೇಟು ಕೊಟ್ಟರು. ಚುರುಗುಟ್ಟಬೇಕು, ನೋಯಬಾರದು, ಅಷ್ಟೇ ಅದರ ವಿದ್ಯೆ.

ಆಮೇಲೆ ನಾವು ಕಾದೆವು. ಇಪ್ಪತ್ತು ನಿಮಿಷದ ಹೊತ್ತಿಗೆ ದೊಡ್ಡಪ್ಪನ ಕಾಲುಗಳು ಹೊರಳುವುದನ್ನು ನಿಲ್ಲಿಸಿದವು. ಬಿಗಿಹಿಡಿದ ಮುಷ್ಟಿ ಸಡಿಲವಾಯಿತು. ಡಾಕ್ಟರು ಮತ್ತೆ ಎಷ್ಟು ಎಂದು ಕೇಳಿದಾಗ ಅವರ ಬಾಯಿಂದ ಹಿಂದಿಯೇ ಹೊರಬಂತು. "ಛೇ ಆನೇ," ಎಂದರು. ಆರಾಣೆ. ಹತ್ತಕ್ಕೆ ನಾಲ್ಕರೊಳಗೇ ಬಂತು ಎಂದು ನಾನು ಲೆಕ್ಕ ಮಾಡಿ ಹೇಳಿದೆ. ಡಾಕ್ಟರು ಚೀಟಿಯಲ್ಲಿ ಏನು ಬರೆದುಕೊಂಡರೋ, ಮುಖದಲ್ಲಿ ಮಾತ್ರ ಪರೀಕ್ಷೆ ಪಾಸಾದ ಹುಡುಗನ ಕಳೆಯಿತ್ತು.

"ಈಗ ಹೋಗಬಹುದೇ?" ದೊಡ್ಡಪ್ಪ ಎದ್ದು ಕೂತರು.

ಡಾಕ್ಟರು ಬೇಡವೆಂದೇ ಹೇಳಿದರು. ನಾನು ಪೋಸ್ಟ್‌ಮಾಸ್ಟರರ ಅಕ್ಕನ ಕಥೆ ಹೇಳಿದೆ. ಅವರು ಗಡಿಯಾರ ನೋಡಿದರು, ಇನ್ನೊಮ್ಮೆ ಜ್ವರ ನೋಡಿದರು. ಚಳಿ ಬಂದರೆ, ವಾಂತಿಯಾದರೆ, ಮೂತ್ರ ನಿಂತರೆ ಯಾವ ಮಂತ್ರದ ನಡುವಿದ್ದರೂ ಎಬ್ಬಿಸಿಕೊಂಡು ಬರಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡರು. ಫಿಸಿಯೊಥೆರಪಿಯವರು ಯಂತ್ರ ಕೊಟ್ಟರು. ಬಿಲ್ಲೆ ಕಳಚಿದರೆ ಎಲ್ಲಿ ಅಂಟಿಸಬೇಕೆಂದು ತಿಳಿಯಲು ಸುತ್ತ ನೀಲಿ ಬಾಲ್ ಪೆನ್ನಿನಿಂದ ಗೆರೆ ಎಳೆದರು. "ಐದು ಗಂಟೆಯೊಳಗೆ ಯಂತ್ರ ಬರಬೇಕು. ಬಾಬಾ ಅದರ ಜೊತೆಗೇ ಬರಬೇಕು."

ಮನೆಗೆ ಬಂದಾಗ ಒಂದೂವರೆ. ಪೋಸ್ಟ್‌ಮಾಸ್ಟರರು ಪವಿತ್ರ ತೆಗೆಯದೆ ಹಾಗೇ ಕೂತಿದ್ದರು. ಆದರೆ ಆಸ್ಪತ್ರೆಗೆ ಹೋಗಿ ಬಂದ ಮೈಗೆ ಸ್ನಾನವಾಗಬೇಕು. ಸ್ನಾನಕ್ಕೆ ಯಂತ್ರ ತೆಗೆಯಬೇಕು. ತೆಗೆದೆ. ದೊಡ್ಡಪ್ಪ ಬಚ್ಚಲಿಗೆ ಹೋಗಿ ಎರಡು ಕೊಡ ಸುರಿದುಕೊಳ್ಳುವಷ್ಟರಲ್ಲಿ ನೋವು ಎದ್ದು ಅವರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿತು. ಬಿಲ್ಲೆ ಹಿಡಿದು ನಾನು ಓಡಿದೆ. ಹೋಗಿ ಹೊಸ್ತಿಲಲ್ಲಿ ನಿಂತೆ. ಅವರೀಗ ಮಡಿ, ನಾನು ಮೈಲಿಗೆ. ನಾನು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಬಿಲ್ಲೆ ತೆಗೆಯುವುದು. ಈ ಚಕ್ರ ನಾಲ್ಕು ಗಂಟೆಯಾದರೂ ಮುಗಿಯದು.

ಮನೆಯಲ್ಲಿ ಮಡಿಯಲ್ಲಿದ್ದವರು ದೊಡ್ಡಮ್ಮ ಒಬ್ಬರೇ. ಅವರು ಜನ್ಮದಲ್ಲಿ ಮಿಕ್ಸಿಯ ಗುಂಡಿ ಒತ್ತಿದವರಲ್ಲ. ದೀಪದ ಸ್ವಿಚ್ಚನ್ನೂ ಸೆರಗಿನ ತುದಿಯಿಂದ ಒತ್ತುವವರು.

"ಕೆಳಗ ಇಡು ಅದನ್ನ," ಎಂದರು. ಡಬ್ಬಿ ನೆಲದ ಮೇಲಿಟ್ಟೆ. ಗಂಗೆಯ ನೀರು ನಾಲ್ಕು ಹನಿ ಚಿಮುಕಿಸಲು ಹೊರಟರು.

"ನೀರು ಬ್ಯಾಡ ದೊಡ್ಡಮ್ಮ, ಕೆಡತದ!"

"ಗಂಗಾ ಬಿದ್ರ ಕೆಡೋ ವಸ್ತು ಎಂಥಾ ವಸ್ತು?" ಎಂದರೂ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತಾವೇ ತೀರ್ಪು ಕೊಟ್ಟರು: "ಕರೆಂಟಿಗೆ ಎಲ್ಲಿ ಮೈಲಿಗಿ? ಅದು ಬೆಂಕಿಯ ಜಾತಿ."

ಗಂಡನ ಬೆನ್ನು ತಮ್ಮ ಸೆರಗಿನಿಂದ ಒರೆಸಿ ಒಣಗಿಸಿದರು. ನೀಲಿ ಗೆರೆ ಮಾಸಿದ್ದರೂ ಕಾಣುತ್ತಿತ್ತು. ನಾನು ಹೊಸ್ತಿಲಾಚೆಯಿಂದ ಹೇಳಿದೆ, ಅವರು ಒಂದೊಂದೇ ಬಿಲ್ಲೆ ಅಂಟಿಸಿ ಅಂಗೈಯಿಂದ ಒತ್ತಿದರು. ತಿರುಪನ್ನು ಸೆರಗಿನ ತುದಿಯಿಂದಲೇ ಹಿಡಿದು ತಿರುಗಿಸಿದರು. ದೊಡ್ಡಪ್ಪ ತಲೆಯಾಡಿಸಿ, "ಸಾಕು, ಅಷ್ಟ ಇರ್ಲಿ," ಎಂದರು. ಹೊಸದಾಗಿ ನಾಮ ಹಚ್ಚಿಕೊಂಡರು, ಈ ಸಲ ಬಿಲ್ಲೆಗಳನ್ನು ತಪ್ಪಿಸಿಕೊಂಡು. ಡಬ್ಬಿ ಪಂಚೆಯ ಸೊಂಟಕ್ಕೆ ಹೋಯಿತು.

ಎರಡು ಗಂಟೆಗೆ ಅವರು ಮಣೆಯ ಮೇಲೆ ಕೂತರು. ನಾನು ಮೆಟ್ಟಿಲ ಮೇಲೆ ಕೂತು ಅವರ ಮುಖವನ್ನೇ ನೋಡುತ್ತಿದ್ದೆ. ನೋವು ಪೂರ್ತಿ ಹೋಗಿರಲಿಲ್ಲ. ಅಲೆ ಬಂದಾಗ ಮಂತ್ರ ಒಂದು ಮಾತ್ರೆಯಷ್ಟು ಹೊತ್ತು ನಿಲ್ಲುತ್ತಿತ್ತು, ಎಡಗೈ ಸೊಂಟದ ಡಬ್ಬಿಗೆ ಹೋಗುತ್ತಿತ್ತು, ಮಂತ್ರ ಮುಂದುವರಿಯುತ್ತಿತ್ತು. ಅಕ್ಕನ ಹೆಸರು, ಗೋತ್ರ ಹೇಳುವಲ್ಲಿ ಪೋಸ್ಟ್‌ಮಾಸ್ಟರರ ದನಿ ತಮಗಷ್ಟೇ ಕೇಳುವಷ್ಟು ಇಳಿಯಿತು. ದೊಡ್ಡಪ್ಪ ಅವಸರಿಸಲಿಲ್ಲ. "ಗಟ್ಟಿಯಾಗಿ ಹೇಳ್ರಿ. ಇಷ್ಟು ವರ್ಷ ಆದಮ್ಯಾಲ ಕರೀಲಿಕ್ಕತ್ತೀರಿ, ಕೇಳಬೇಕಲ್ಲ," ಎಂದರು. ಅವರು ಗಟ್ಟಿಯಾಗಿ ಹೇಳಿದರು. ಮೂರೂಕಾಲಿಗೆ ಪಿಂಡಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗಲ್ಲಿ ಇಳಿದು ಗಂಗೆಗೆ ಬಿಟ್ಟರು. ದೊಡ್ಡಪ್ಪ ನೀರಿಗಿಳಿಯದೆ ಮೇಲಿನ ಮೆಟ್ಟಿಲಲ್ಲಿ ನಿಂತು ಮಂತ್ರ ಹೇಳಿದರು.

ಆಶೀರ್ವಾದದ ಅಕ್ಷತೆಯೊಂದು ಉಳಿದಿತ್ತು. ಅಷ್ಟರಲ್ಲಿ ಅವರ ಮುಖ ಬಿಳಿಚಿತು, ನಾನು ಕಾಯಲಿಲ್ಲ. ಮತ್ತೆ ಸ್ಕೂಟರು, ಮತ್ತೆ ಗುಂಡಿಗಳು. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಎರಡೂ ತೋಳು ಚಾಚಿದರು. "ಈಗ ಎಲ್ಲಿ ಬೇಕಾದ್ರ ಚುಚ್ಚಲಿ, ಏನು ಬೇಕಾದ್ರ ಹಾಕಲಿ." ನರ್ಸು ಬಲಗೈ ಹಿಡಿದಳು. "ಬಲಗೈ ಬ್ಯಾಡ, ಒಂದು ಕೆಲಸ ಬಾಕಿ ಅದ," ಎಂದರು. ಸಲೈನು ಎಡಗೈಗೆ ಹೋಯಿತು.

ಸಂಜೆ ಕಂಟೋನ್ಮೆಂಟಿಗೆ ಹೋಗುವ ಆಟೋವನ್ನು ಗೇಟಿನಲ್ಲಿ ನಿಲ್ಲಿಸಿ ಪೋಸ್ಟ್‌ಮಾಸ್ಟರರು ಒಳಗೆ ಬಂದರು. ದೊಡ್ಡಮ್ಮ ಕಾಗದದಲ್ಲಿ ಕಟ್ಟಿಕೊಟ್ಟ ಅಕ್ಷತೆ ಅವರ ಕೈಯಲ್ಲಿತ್ತು. ದೊಡ್ಡಪ್ಪ ಮಲಗಿದಲ್ಲೇ ಬಲಗೈಯಿಂದ ಅವರ ತಲೆಯ ಮೇಲೆ ಹಾಕಿ ಆಶೀರ್ವಾದ ಹೇಳಿದರು. ಅವರು ಎದ್ದು ಹೊರಡದೆ ಹಾಸಿಗೆಯ ಕಂಬಿ ಹಿಡಿದು ನಿಂತರು. ಮಧ್ಯಾಹ್ನ ಉತ್ತರೀಯದ ಕೆಳಗಿಂದ ಇಣುಕಿದ್ದ ವೈರು ಅವರಿಗೂ ಕಂಡಿರಬೇಕು.

"ಆಚಾರ್ರ, ಸಿಟ್ಟಾಗಬ್ಯಾಡ್ರಿ. ನಡುವ ಎದ್ದು ಹೋದ್ರಿ, ಆ ಡಬ್ಬಿ ಕಟ್ಟಿಕೊಂಡು ಬಂದು ಮಾಡಿಸಿದ್ರಿ. ನನ್ನ ಅಕ್ಕಗ ಅದು ಮುಟ್ಟಿತಲ್ಲ?"

ಇಂಜೆಕ್ಷನ್ನಿನ ಮಂಪರಿನಲ್ಲಿದ್ದ ದೊಡ್ಡಪ್ಪ ಪೂರ್ತಿ ಕಣ್ಣು ತೆರೆದರು.

"ನಿಮ್ಮಕ್ಕಗ ಮುಟ್ಟಿತು, ಹದಿನಾರಾಣೆ ಮುಟ್ಟಿತು. ನನ್ನ ಕಲ್ಲೊಂದು ಇನ್ನೂ ದಾರ್ಯಾಗ ಅದ. ನೀವು ನಡೀರಿ, ಗಾಡಿ ತಪ್ಪೀತು."